ಶಕುನಿಗೊಂದು ಕಾರಣವುಂಟು, ಇಯಾಗೊವಿಗೆ?

ಸುಗ್ಗಿ ಮುಗಿದು ಊರಹಬ್ಬಗಳ ಕಾಲ ಬಂದಿತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕದ ಹಾರ್ಮೋನಿಯಂ ದನಿ ಕೇಳತೊಡಗುತ್ತದೆ. ನಾಟಕದ ಮೇಷ್ಟರು ತಿಂಗಳುಗಟ್ಟಲೆ ಊರಿಗೆ ಬಂದು ಹಾಡು, ಪದ್ಯ, ಮಾತುಗಳನ್ನು ಕಲಿಸುತ್ತಾರೆ. ಹಗಲೆಲ್ಲ ಹೊಲದಲ್ಲಿಯೋ ರೇಷ್ಮೆಹುಳುವಿನ ಮನೆಯಲ್ಲಿಯೋ ದುಡಿದವರು ರಾತ್ರಿ ದುರ್ಯೋಧನ, ಕರ್ಣ, ಕೃಷ್ಣರಾಗುತ್ತಾರೆ. ಪಾತ್ರಕ್ಕೆ ಇಷ್ಟೆಂದು ಪಾತ್ರಧಾರಿಗಳೇ ಹಣ ಹೊಂದಿಸಿ ಸೀನರಿ, ಕಿರೀಟ, ಗದೆಗಳನ್ನು ತರಿಸುತ್ತಾರೆ. ಇಂಥ ನಾಟಕಗಳನ್ನು ಬೆಳಗಿನವರೆಗೆ ಕುಳಿತು ನೋಡಿದವರಿಗೆಲ್ಲ ಒಂದು ಸಂಗತಿ ಅನುಭವವೇದ್ಯ. ಸಭೆ ತೂಕಡಿಸುವ ಹೊತ್ತಿಗೆ ಅದನ್ನು ಎಚ್ಚರಿಸುವವನು ಅರ್ಜುನನಲ್ಲ, ಭೀಮನೂ ಅಲ್ಲ; ಒಂದು ಕಾಲನ್ನು ಎಳೆಯುತ್ತ, ಅಂಗೈಯಲ್ಲಿ ದಾಳಗಳನ್ನು ಉಜ್ಜುತ್ತ, ಅರೆನಗೆಯೊಡನೆ ಪರದೆಯಿಂದ ಹೊರಬರುವ ಶಕುನಿ.

ಆ ಶಕುನಿಯನ್ನು ಕಂಡು ಮಕ್ಕಳು ಕೇಳುವ ಪ್ರಶ್ನೆ ಒಂದೇ: ‘ಅವನೇಕೆ ಹಾಗೆ ಮಾಡಿದ?’ ಉತ್ತರ ನಮ್ಮ ಅಜ್ಜಿಯರ ಬಳಿ ಸಿದ್ಧವಾಗಿಯೇ ಇರುತ್ತದೆ. ಗಾಂಧಾರದ ಸುಬಲರಾಜನನ್ನೂ ಅವನ ಮಕ್ಕಳನ್ನೂ ಕೌರವರು ಸೆರೆಯಲ್ಲಿಟ್ಟರು; ಹೊಟ್ಟೆಗೆ ಸಾಲದಷ್ಟೇ ಅನ್ನ ಹಾಕಿದರು; ಸಾಯುವವರೆಲ್ಲ ತಮ್ಮ ಪಾಲಿನ ತುತ್ತನ್ನು ಒಬ್ಬ ಶಕುನಿಗೆ ಕೊಟ್ಟು, ಸೇಡು ತೀರಿಸಲೆಂದು ಅವನನ್ನು ಉಳಿಸಿದರು; ಸತ್ತ ತಂದೆಯ ಮೂಳೆಯಿಂದಲೇ ಅವನು ದಾಳ ಮಾಡಿಕೊಂಡ. ಹೀಗೆ ಸಾಗುತ್ತದೆ ಆ ಕಥೆ. ಕೇಳಿದ ಮಗು ನಿಟ್ಟುಸಿರುಬಿಟ್ಟು ‘ಪಾಪ’ ಎನ್ನುತ್ತದೆ. ಆದರೆ ಈ ಕಥೆ ವ್ಯಾಸಭಾರತದಲ್ಲಿಲ್ಲ. ಅಲ್ಲಿನ ಶಕುನಿ ಸೋದರಳಿಯನ ಪಕ್ಷ ಹಿಡಿದು ಕಪಟದ್ಯೂತವಾಡಿದ ಮಾವ, ಅಷ್ಟೆ. ಹದಿನೆಂಟನೆಯ ದಿನದ ಯುದ್ಧದಲ್ಲಿ ತನ್ನ ಮಗ ಉಲೂಕನ ಮರಣವನ್ನು ಕಣ್ಣಾರೆ ಕಂಡು, ಬಳಿಕ ಅದೇ ಸಹದೇವನ ಕೈಯಲ್ಲಿ ಹತನಾಗುತ್ತಾನೆ. ಸೇಡಿನ ಕಾರಣವನ್ನು ಆತನಿಗೆ ಕೊಟ್ಟವರು ನಮ್ಮ ಜನ. ಕಾರಣವಿಲ್ಲದ ಕೇಡನ್ನು ಮನುಷ್ಯನ ಮನಸ್ಸು ಸಹಿಸಲಾರದು. ಕೇಡಿಗನಿಗೊಂದು ಪೂರ್ವಕಥೆ, ಕೊನೆಗೆ ಅವನಿಗೊಂದು ತಕ್ಕ ಸಾವು, ಇವೆರಡು ದೊರೆತರೆ ನಾಟಕ ನೋಡಿದವರು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗುತ್ತಾರೆ.

ಈ ಎರಡನ್ನೂ ಕೊಡದ ಕೇಡಿಗನೊಬ್ಬನು ಜಗತ್ತಿನ ನಾಟಕಸಾಹಿತ್ಯದಲ್ಲಿದ್ದಾನೆ. ಷೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ ನಾಟಕದ ಇಯಾಗೊನೇ ಅವನು. ಅವನ ಕಥೆಯನ್ನು ಹಳೆಯ ಮೈಸೂರಿನ ಕನ್ನಡಕ್ಕೆ ತಂದವರು ಇದೇ ಮಾಗಡಿ ತಾಲ್ಲೂಕಿನಲ್ಲಿ ಜನಿಸಿದ ಒಬ್ಬ ವೀರಶೈವ ವಿದ್ವಾಂಸರೆಂಬುದು ನಮ್ಮ ಓದುಗ ಬಂಧುಗಳಲ್ಲಿ ಹಲವರಿಗೆ ಹೊಸ ಸಂಗತಿಯಾಗಿರಬಹುದು.

ಮಾಗಡಿ ತಾಲ್ಲೂಕು ಎಂದೊಡನೆ ಭಕ್ತರಿಗೆ ವೀರಾಪುರವೂ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳೂ ನೆನಪಾಗುವುದು ಸಹಜ. ಅದೇ ತಾಲ್ಲೂಕಿನ ನಾರಸಂದ್ರದಲ್ಲಿ 1843ರಲ್ಲಿ ಹುಟ್ಟಿದವರು ಬಸವಪ್ಪ ಶಾಸ್ತ್ರಿಗಳು. ಬಾಲ್ಯದಲ್ಲಿಯೇ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಪ್ರೌಢಿಮೆಯನ್ನು ಗಳಿಸಿ, ಆಸ್ಥಾನಕವಿಗಳಾದರು. ಮೈಸೂರು ಸಂಸ್ಥಾನದ ನಾಡಗೀತೆ ‘ಕಾಯೌ ಶ್ರೀ ಗೌರಿ’ ಅವರ ರಚನೆ. ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದ್ದಕ್ಕಾಗಿ ಚಾಮರಾಜೇಂದ್ರ ಒಡೆಯರು ಅವರನ್ನು ‘ಅಭಿನವ ಕಾಳಿದಾಸ’ನೆಂದು ಗೌರವಿಸಿದರು. ಆ ಮಹಾರಾಜರ ಪ್ರೋತ್ಸಾಹದಿಂದ ಅರಮನೆಯ ನಾಟಕ ಮಂಡಲಿ ರೂಪುಗೊಂಡ ಕಾಲವದು. ನಾಟಕವೆಂಬುದು ಕನ್ನಡದಲ್ಲಿ ಹೊಸ ಹುರುಪನ್ನು ಪಡೆಯುತ್ತಿತ್ತು. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವನ್ನು ಪಡೆದು ಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ಅಳವಡಿಸಿದರು. ಶಾಸ್ತ್ರಿಗಳು ಲಿಂಗೈಕ್ಯರಾದದ್ದು 1891ರಲ್ಲಿ. ಕೃತಿ ಅಚ್ಚಾದದ್ದು 1895ರಲ್ಲಿ. ‘ಮ್ಯಾಕ್‌ಬೆತ್’ ನಾಟಕವು ಎಂ. ಎಲ್. ಶ್ರೀಕಂಠೇಶಗೌಡರಿಂದ ‘ಪ್ರತಾಪರುದ್ರದೇವ’ನಾಗಿ ಬಂದದ್ದೂ ಅದೇ ವರ್ಷವೇ.

ಕಥೆಯನ್ನು ಅರಿಯದವರಿಗಾಗಿ ಮೂಲ ನಾಟಕದ ಹಂದರವನ್ನು ಇಲ್ಲಿ ಹೇಳಬೇಕು. ವೆನಿಸ್ ನಗರರಾಜ್ಯದ ಸೇನಾಪತಿ ಒಥೆಲೊ ಕಪ್ಪುವರ್ಣದ ಮೂರ್ ಜನಾಂಗದವನು, ಮಹಾಶೂರ. ಗಣ್ಯ ಮನೆತನದ ಡೆಸ್ಡಿಮೋನ ಅವನ ಸಾಹಸಕಥೆಗಳನ್ನು ಕೇಳುತ್ತ ಕೇಳುತ್ತಲೇ ಅವನಿಗೆ ಮನಸೋತು, ತಂದೆಗೆ ತಿಳಿಸದೆ ಅವನನ್ನು ಮದುವೆಯಾಗುತ್ತಾಳೆ. ಒಥೆಲೊವಿನ ಧ್ವಜಧಾರಿ ಇಯಾಗೊ. ತನಗೆ ಸಿಗಬೇಕಾಗಿದ್ದ ಉಪಸೇನಾನಿಯ ಪದವಿ ಕ್ಯಾಸಿಯೊ ಎಂಬ ತರುಣನಿಗೆ ದೊರೆಯಿತೆಂದು ಅವನಿಗೆ ಉರಿ. ದಂಪತಿಗಳು ಯುದ್ಧನಿಮಿತ್ತ ಸೈಪ್ರಸ್ ದ್ವೀಪಕ್ಕೆ ಹೋದಾಗ, ಡೆಸ್ಡಿಮೋನಳಿಗೂ ಕ್ಯಾಸಿಯೊವಿಗೂ ಸಂಬಂಧವಿದೆಯೆಂಬ ಸಂಶಯವನ್ನು ಇಯಾಗೊ ಒಥೆಲೊವಿನ ಕಿವಿಗೆ ತುಂಬುತ್ತಾನೆ. ಒಂದು ಕರವಸ್ತ್ರವನ್ನು ಸಾಕ್ಷಿಯಾಗಿ ಒಡ್ಡುತ್ತಾನೆ. ಒಥೆಲೊ ನಿರಪರಾಧಿನಿಯಾದ ಹೆಂಡತಿಯನ್ನು ಹಾಸಿಗೆಯಲ್ಲಿಯೇ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಸತ್ಯ ತಿಳಿದ ಮೇಲೆ ತನ್ನನ್ನೂ ಇರಿದುಕೊಂಡು ಸಾಯುತ್ತಾನೆ. ಸೈಪ್ರಸ್‌ಗೆ ಬಂದಿಳಿದ ಕೆಲವೇ ದಿನಗಳಲ್ಲಿ ಇಷ್ಟೆಲ್ಲ ನಡೆದುಹೋಗುತ್ತದೆ.

ಇಯಾಗೊ ಹೀಗೇಕೆ ಮಾಡಿದ? ತಾನೇ ಕಾರಣ ಹೇಳುತ್ತಾನೆ, ಒಂದಲ್ಲ, ಹಲವು. ಪದವಿ ತಪ್ಪಿತು ಎನ್ನುವುದು ಮೊದಲನೆಯದು. ತನ್ನ ಹೆಂಡತಿ ಎಮಿಲಿಯಾ ಒಥೆಲೊವಿನೊಡನೆ ತಪ್ಪಿ ನಡೆದಳೆಂದು ಜನರಾಡುತ್ತಾರೆ, ನಿಜವೋ ಸುಳ್ಳೋ ತಿಳಿಯದು, ಆದರೂ ನಿಜವೆಂದೇ ಇಟ್ಟುಕೊಳ್ಳುತ್ತೇನೆ ಎನ್ನುತ್ತಾನೆ ಇನ್ನೊಮ್ಮೆ. ಕ್ಯಾಸಿಯೊವಿನ ಮೇಲೂ ಅದೇ ಶಂಕೆ. ಡೆಸ್ಡಿಮೋನಳ ಮೇಲೆ ತನಗೂ ಆಸೆಯುಂಟೆಂದು ಮತ್ತೊಮ್ಮೆ. ಒಂದು ಕಾರಣ ಸಾಲುವ ಕಡೆ ನಾಲ್ಕು ಹೇಳುವವನನ್ನು ನ್ಯಾಯಪಂಚಾಯಿತಿಯಲ್ಲಿ ಯಾವ ಹಿರಿಯರೂ ನಂಬರು. ಹಗೆ ಮೊದಲೇ ಇತ್ತು, ಕಾರಣಗಳನ್ನು ಅವನು ಆಮೇಲೆ ಹುಡುಕಿಕೊಂಡ ಎಂಬರ್ಥದ ಮಾತನ್ನು ಆಂಗ್ಲ ಕವಿ, ವಿಮರ್ಶಕ ಕೋಲ್‌ರಿಜ್ ಹೇಳಿ ಇನ್ನೂರು ವರ್ಷಗಳಾದವು. ಇಂದಿಗೂ ವಿದ್ವಾಂಸರು ಆ ಮಾತನ್ನು ಒಪ್ಪುತ್ತಲೋ ಅಲ್ಲಗಳೆಯುತ್ತಲೋ ಬರೆಯುತ್ತಿದ್ದಾರೆ.

ಪದವಿಗಾಗಿಯೇ ಈ ಕುಟಿಲವೆಂದು ನಂಬುವವರು ನಾಟಕದ ಮೂರನೆಯ ಅಂಕದ ಕೊನೆಯನ್ನು ನೋಡಬೇಕು. ಅಲ್ಲಿ ಒಥೆಲೊ ಇಯಾಗೊವನ್ನು ತನ್ನ ಉಪಸೇನಾನಿಯನ್ನಾಗಿ ಮಾಡಿಕೊಳ್ಳುತ್ತಾನೆ! ಬಯಸಿದ್ದು ಕೈಗೆ ಬಂದಿತು. ಅಲ್ಲಿಗೆ ನಿಲ್ಲಬಹುದಾಗಿತ್ತು. ಡೆಸ್ಡಿಮೋನ ಇನ್ನೂ ಬದುಕಿದ್ದಳು. ಒಂದು ಮಾತಿನಿಂದ ಎಲ್ಲವನ್ನೂ ಸರಿಪಡಿಸಬಹುದಾಗಿತ್ತು. ಅವನು ನಿಲ್ಲಲಿಲ್ಲ.

ನಮ್ಮ ಮಟ್ಟಿಗೆ ಇಯಾಗೊವಿನ ಅಂತರಂಗಕ್ಕೆ ಎಲ್ಲಕ್ಕಿಂತ ಹತ್ತಿರವಾದ ಮಾತು ಐದನೆಯ ಅಂಕದಲ್ಲಿ, ಅವನು ಕ್ಯಾಸಿಯೊವನ್ನು ಕೊಲ್ಲಿಸಲು ಕಾದಿರುವಾಗ ಬರುತ್ತದೆ. ಕ್ಯಾಸಿಯೊವಿನ ನಿತ್ಯದ ಬಾಳಿನಲ್ಲಿ ಒಂದು ಚೆಲುವಿದೆ, ಅದರ ಪಕ್ಕದಲ್ಲಿ ತಾನು ಕುರೂಪಿಯಾಗಿ ಕಾಣುತ್ತೇನೆ ಎಂಬ ಭಾವವನ್ನು ಅವನು ಅಲ್ಲಿ ಹೊರಗೆಡಹುತ್ತಾನೆ. ಇದಕ್ಕೆ ನಮ್ಮಲ್ಲಿ ಮತ್ಸರವೆಂದು ಹೆಸರು. ಅರಿಷಡ್ವರ್ಗದಲ್ಲಿ ಅದನ್ನು ಕಟ್ಟಕಡೆಗೆ ಇರಿಸಿದ ಹಿರಿಯರು ಬಲ್ಲವರು. ಕಾಮಕ್ಕೆ ಕ್ಷಣದ ಸುಖವಾದರೂ ಉಂಟು, ಲೋಭಕ್ಕೆ ಗಂಟಾದರೂ ಉಂಟು, ಮದಕ್ಕೆ ಮೆರೆದಾಟ ಉಂಟು. ಮತ್ಸರಕ್ಕೆ ಕೈಗೆ ಬರುವುದೇನೂ ಇಲ್ಲ. ಎದುರಿನವನ ಬೆಳಕು ಆರಿದರೆ ಸಾಕು ಅದಕ್ಕೆ, ತನ್ನ ಮನೆಯಲ್ಲಿ ದೀಪ ಹಚ್ಚುವ ಆಸೆಯೂ ಇಲ್ಲ. ಈ ಇಯಾಗೊ ಮುದಿ ಕುತಂತ್ರಿಯೂ ಅಲ್ಲ. ತನ್ನ ವಯಸ್ಸು ಇಪ್ಪತ್ತೆಂಟೆಂದು ಅವನೇ ಲೆಕ್ಕ ಕೊಡುತ್ತಾನೆ.

ಕಾರಣಕ್ಕಿಂತಲೂ ಅವನ ವಿಧಾನ ಗೃಹಸ್ಥರು ಗಮನಿಸತಕ್ಕದ್ದು. ಅವನು ನೇರವಾಗಿ ದೂರು ಹೇಳುವುದೇ ಇಲ್ಲ. ಕ್ಯಾಸಿಯೊ ಡೆಸ್ಡಿಮೋನಳ ಬಳಿಯಿಂದ ಎದ್ದುಹೋಗುವುದನ್ನು ಕಂಡು, ತನಗಿದು ಸರಿದೋರದೆಂದು ತನ್ನಲ್ಲೇ ಗೊಣಗಿಕೊಳ್ಳುತ್ತಾನೆ. ಏನೆಂದು ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ಒಥೆಲೊ ಕೇಳಿದ ಮಾತನ್ನೇ ಮರಳಿ ಪ್ರಶ್ನೆಯಾಗಿ ಉಚ್ಚರಿಸುತ್ತಾನೆ. ಒತ್ತಾಯಪಡಿಸಿದರೆ, ಸಂಶಯವೆಂಬುದು ಕೆಟ್ಟದ್ದು, ಅದಕ್ಕೆ ಎಡೆಗೊಡಬೇಡಿ ಎಂದು ತಾನೇ ಬುದ್ಧಿ ಹೇಳುತ್ತಾನೆ! ‘ನಾನು ಹೇಳಿದೆ ಎನ್ನಬೇಡಿ, ನಿಮ್ಮ ಒಳ್ಳೆಯದಕ್ಕೆ ಹೇಳಿದೆ’ ಎಂಬ ಪೀಠಿಕೆಯೊಡನೆ ಅತ್ತೆಯ ಬಳಿ ಸೊಸೆಯನ್ನೂ ಅಣ್ಣನ ಬಳಿ ತಮ್ಮನನ್ನೂ ಆಡಿಕೊಳ್ಳುವವರನ್ನು ಬಲ್ಲ ಮನೆಗಳಿಗೆ ಈ ವಿಧಾನವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಇಡೀ ನಾಟಕದಲ್ಲಿ ‘ಪ್ರಾಮಾಣಿಕ’ ಎಂಬರ್ಥದ ಪದ ಐವತ್ತು ಬಾರಿಗೆ ಕಡಿಮೆಯಿಲ್ಲದಂತೆ ಬರುತ್ತದೆ. ಅದರಲ್ಲಿ ಬಹುಪಾಲು ಬಿರುದು ಸಲ್ಲುವುದು ಇಯಾಗೊವಿಗೆ. ನಾಯಕ ಒಥೆಲೊವಿಗಿಂತ ಅವನಿಗೇ ಹೆಚ್ಚು ಮಾತುಗಳಿವೆ. ಅವನ ಆಯುಧವೆಲ್ಲ ಮಾತೇ.

ಚಾಡಿಮಾತಿನಿಂದ ಮನೆಯಷ್ಟೇ ಅಲ್ಲ, ರಾಜ್ಯವೂ ಉರಿದುಹೋಗುವುದೆಂಬುದನ್ನು ಶರಣರ ಚರಿತ್ರೆಯನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಕಿವಿಯೂದಿದ ಕೊಂಡಿ ಮಂಚಣ್ಣನ ಹೆಸರಿನ ಹಿಂದೆ ಅವನ ವೃತ್ತಿಯೇ ಅಂಟಿಕೊಂಡುಬಿಟ್ಟಿದೆ. ಹರಳಯ್ಯ ಮಧುವರಸರ ಮನೆಗಳ ಮಕ್ಕಳ ವಿವಾಹ, ಅದರ ಮೇಲೆ ಅರಸನಲ್ಲಿ ಎಬ್ಬಿಸಿದ ಕ್ರೋಧ, ಆ ಇಬ್ಬರು ಶರಣರಿಗೆ ಒದಗಿದ ಮರಣದಂಡನೆ ಇವೆಲ್ಲ ನಮ್ಮ ನೆನಪಿನಲ್ಲಿ ಹಸಿಯಾಗಿವೆ. ಆದರೆ ಮಂಚಣ್ಣನಂಥವರ ಹಗೆಗೆ ಕಾರಣವೇನೆಂಬುದು ಸ್ಪಷ್ಟ. ಬಸವಣ್ಣನವರ ಏಳ್ಗೆಯಿಂದ ಕಳೆದುಹೋಗುತ್ತಿದ್ದ ಪ್ರತಿಷ್ಠೆ ಅವರ ಕಣ್ಣೆದುರಿಗಿತ್ತು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಮಂಥರೆಗೂ ಒಂದು ಅಂತಃಕರಣವನ್ನಿತ್ತು, ಮಮತೆಯೇ ಅವಳನ್ನು ಆ ದಾರಿಗೆ ನೂಕಿತೆಂದು ಕಂಡರು. ಇಯಾಗೊವಿಗೆ ಇಂಥದೊಂದು ಕರುಣೆಯನ್ನು ಷೇಕ್ಸ್‌ಪಿಯರ್ ತೋರಲಿಲ್ಲ.

ತೋರಲಿಲ್ಲವೆನ್ನುವುದಕ್ಕಿಂತ, ಇದ್ದುದನ್ನು ತೆಗೆದುಹಾಕಿದನೆನ್ನಬೇಕು. ಈ ಕಥೆಗೆ ಮೂಲ ಇಟಲಿಯ ಚಿಂತಿಯೊ ಎಂಬ ಕಥೆಗಾರನ 1565ರ ಕಥಾಸಂಗ್ರಹ. ಅಲ್ಲಿನ ಧ್ವಜಧಾರಿಗೆ ಹೆಸರಿಲ್ಲ, ಆದರೆ ಕಾರಣವಿದೆ. ಸೇನಾಪತಿಯ ಹೆಂಡತಿಯನ್ನು ಅವನು ಮೋಹಿಸಿದ್ದ. ಅವಳು ಒಲಿಯಲಿಲ್ಲವಾಗಿ ಆ ಮೋಹವೇ ದ್ವೇಷವಾಗಿ ತಿರುಗಿತು. ಅವನಿಗೆ ಕೊನೆಯೂ ಇದೆ. ಮುಂದೆ ಇನ್ನೊಬ್ಬನ ಮೇಲೆ ಸುಳ್ಳು ಆರೋಪ ಹೊರಿಸಿದ ಪ್ರಕರಣದಲ್ಲಿ ತಾನೇ ಚಿತ್ರಹಿಂಸೆಗೆ ಗುರಿಯಾಗಿ ಸಾಯುತ್ತಾನೆ. ನಮ್ಮ ಅಜ್ಜಿಯರು ಶಕುನಿಗೆ ಇಲ್ಲದ ಕಾರಣವನ್ನು ಕೊಟ್ಟರು. ಷೇಕ್ಸ್‌ಪಿಯರ್ ತನ್ನ ಕೇಡಿಗನಿಗೆ ಇದ್ದ ಕಾರಣವನ್ನು ಕಲಸಿದ, ಸಾವನ್ನು ಕಿತ್ತುಕೊಂಡ. ನಾಟಕ ಇಂದಿಗೂ ನೋಡಿದವರ ನಿದ್ದೆಗೆಡಿಸುವುದಕ್ಕೆ ಇದೇ ಕಾರಣವೆಂದು ನಮ್ಮ ಎಣಿಕೆ.

ಇಂಥ ಕೃತಿಯನ್ನು ಕೈಗೆತ್ತಿಕೊಂಡ ಬಸವಪ್ಪ ಶಾಸ್ತ್ರಿಗಳ ಲೇಖನಿ ಅದುವರೆಗೆ ಎಂಥ ಕಥೆಗಳಲ್ಲಿ ಪಳಗಿತ್ತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಶಾಕುಂತಲದಲ್ಲಿಯೂ ನಿರಪರಾಧಿನಿಯಾದ ಹೆಂಡತಿಯೊಬ್ಬಳು ಗಂಡನಿಂದ ತಿರಸ್ಕೃತಳಾಗುತ್ತಾಳೆ. ಅಲ್ಲಿಯೂ ಎಲ್ಲಕ್ಕೆ ನಿಮಿತ್ತ ಕಳೆದುಹೋದ ಒಂದು ಪ್ರೇಮದ ಕುರುಹು. ಆದರೆ ಅಲ್ಲಿ ಖಳನಾರು? ಯಾರೂ ಇಲ್ಲ. ಮುನಿಸಿಕೊಂಡ ದೂರ್ವಾಸರ ಶಾಪ, ತೀರ್ಥದಲ್ಲಿ ಜಾರಿದ ಉಂಗುರ, ಅಷ್ಟೆ. ಶಾಸ್ತ್ರಿಗಳು ಕನ್ನಡಿಸಿದ ಭವಭೂತಿಯ ಉತ್ತರರಾಮಚರಿತದಲ್ಲಿ ಸೀತೆಯ ಪರಿತ್ಯಾಗಕ್ಕೆ ಕಾರಣ ಊರಿನವರ ಮಾತು. ಅದಕ್ಕೆ ಒಬ್ಬನೇ ಒಡೆಯನಿಲ್ಲ, ದುರ್ಮುಖ ಬರಿಯ ವರದಿಗಾರ. ಅವರೇ ಕನ್ನಡಕ್ಕೆ ತಂದ ಚಂಡಕೌಶಿಕದಲ್ಲಿ ಹರಿಶ್ಚಂದ್ರನನ್ನು ಕಾಡುವ ವಿಶ್ವಾಮಿತ್ರನಿದ್ದಾನೆ. ಅವನ ಕಾಟವೆಲ್ಲ ಕೊನೆಗೆ ಅರಸನ ಸತ್ಯಕ್ಕೆ ಒರೆಗಲ್ಲಾಗುತ್ತದೆ. ಎಲ್ಲ ಕಡೆಯೂ ಕಣ್ಣೀರಿನ ಕೊನೆಗೆ ಕೂಡುವಿಕೆ, ಮಂಗಳ. ರಂಗದ ಮೇಲೆ ಕೊಲೆಯನ್ನು ತೋರಿಸಬಾರದೆಂಬುದು ಸಂಸ್ಕೃತ ನಾಟಕದ ರೂಢಿ. ಅದನ್ನು ಮುರಿದ ಭಾಸನ ನಾಟಕಗಳು ತಿರುವನಂತಪುರದಲ್ಲಿ ಅಚ್ಚಾಗತೊಡಗಿದ್ದೇ 1912ರಿಂದ ಈಚೆಗೆ, ಶಾಸ್ತ್ರಿಗಳ ಕಾಲ ಮುಗಿದ ಮೇಲೆ.

ಉಂಗುರವನ್ನು ಮೀನು ನುಂಗುತ್ತದೆ, ಬೆಸ್ತನಿಗೆ ಸಿಗುತ್ತದೆ, ಅರಸನ ಕೈ ಸೇರುತ್ತದೆ, ನೆನಪು ಮರಳುತ್ತದೆ. ಕರವಸ್ತ್ರದ ಪ್ರಯಾಣವೇ ಬೇರೆ. ಒಥೆಲೊವಿನ ತಾಯಿಯಿಂದ ಬಂದ, ಹಣ್ಣುಗಳ ಕಸೂತಿಯುಳ್ಳ ಬಟ್ಟೆಯದು, ಅವನ ಮೊದಲ ಕಾಣಿಕೆ. ತಲೆನೋವೆಂದ ಗಂಡನ ಹಣೆಗೆ ಕಟ್ಟಲು ಡೆಸ್ಡಿಮೋನ ಅದನ್ನು ತೆಗೆಯುತ್ತಾಳೆ. ಅವನು ತಳ್ಳಿದಾಗ ಜಾರಿ ಬೀಳುತ್ತದೆ. ಸೇವೆಗೆಂದು ಹೊರಟದ್ದೇ ಅವಳ ಪಾಲಿಗೆ ಮೃತ್ಯುವಾಯಿತು. ಬಿದ್ದುದನ್ನು ಎಮಿಲಿಯಾ ಎತ್ತಿಕೊಂಡು ಗಂಡ ಬಹುದಿನದಿಂದ ಕೇಳುತ್ತಿದ್ದನೆಂದು ಅವನಿಗೆ ಕೊಡುತ್ತಾಳೆ. ಅವನು ಅದನ್ನು ಕ್ಯಾಸಿಯೊವಿನ ಕೋಣೆಯಲ್ಲಿ ಹಾಕುತ್ತಾನೆ. ವಿಧಿ ಜಾರಿಸಿದ ಉಂಗುರವನ್ನು ವಿಧಿಯೇ ತಂದುಕೊಟ್ಟೀತು. ಮನುಷ್ಯ ಎತ್ತಿಟ್ಟುಕೊಂಡ ಕರವಸ್ತ್ರವನ್ನು ಮರಳಿಸುವ ಮೀನು ಯಾವ ನದಿಯಲ್ಲಿಯೂ ಇಲ್ಲ.

ನಾಟಕದ ನಾಲ್ಕನೆಯ ಅಂಕದ ಒಂದು ಸನ್ನಿವೇಶವನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ಕಲಕಿಹೋಗಿದೆ. ಗಂಡ ಕುಲಟೆಯೆಂದು ಜರೆದುಹೋಗಿದ್ದಾನೆ. ಏನಾಯಿತೆಂದೇ ಅರಿಯದ ಡೆಸ್ಡಿಮೋನ, ಗಂಡನ ನಂಬುಗೆಯ ಮಿತ್ರನೆಂದು ಇಯಾಗೊವನ್ನೇ ಕರೆಸಿ, ಅವನ ಮುಂದೆ ಮಂಡಿಯೂರಿ, ಅವರ ಮನಸ್ಸನ್ನು ಮರಳಿ ಪಡೆಯಲು ನಾನೇನು ಮಾಡಲಿ ಎಂದು ಬೇಡಿಕೊಳ್ಳುತ್ತಾಳೆ. ಪಕ್ಕದಲ್ಲಿದ್ದ ಎಮಿಲಿಯಾ, ಯಾವನೋ ನೀಚನು ಏನೋ ಒಂದು ಹುದ್ದೆಯನ್ನು ಗಿಟ್ಟಿಸುವುದಕ್ಕೆ ಈ ಅಪವಾದವನ್ನು ಹೆಣೆದಿರಬೇಕು, ಇಲ್ಲದಿದ್ದರೆ ನನ್ನನ್ನು ನೇಣಿಗೆ ಹಾಕಿ ಎಂದು ಗಂಡನೆದುರಿಗೇ ಶಪಿಸುತ್ತಾಳೆ. ಅಂಥವನು ಲೋಕದಲ್ಲಿ ಇರಲಾರನು ಎನ್ನುತ್ತಾನೆ ಇಯಾಗೊ. ಅಂಥವನಿದ್ದರೆ ದೇವರು ಅವನನ್ನು ಕ್ಷಮಿಸಲಿ ಎನ್ನುತ್ತಾಳೆ ಡೆಸ್ಡಿಮೋನ. ತನ್ನನ್ನು ಯಾರೆಂದು ಅರಿಯದೆಯೇ ಕ್ಷಮಿಸಿದ ಹೆಣ್ಣು ಕಾಲಬಳಿ ಇರುವಾಗಲೂ ಅವನ ನಾಲಗೆ ತೊದಲುವುದಿಲ್ಲ. ಸಮಾಧಾನ ಹೇಳಿ ಊಟಕ್ಕೆ ಕಳುಹಿಸುತ್ತಾನೆ.

ಒಥೆಲೊವಿನ ಪಾಲಿನ ತಪ್ಪನ್ನು ನಾವು ಮರೆಮಾಚುವುದಿಲ್ಲ. ರಣರಂಗದಲ್ಲಿ ಕಲ್ಲಿನಂತಿದ್ದವನದು ಮನೆಯೊಳಗೆ ಹಿತ್ತಾಳೆ ಕಿವಿ. ಹೆಂಡತಿಯನ್ನು ನೇರವಾಗಿ ಕೂರಿಸಿಕೊಂಡು ಕೇಳಬಹುದಾಗಿದ್ದ ಒಂದೇ ಪ್ರಶ್ನೆಯನ್ನು ಅವನು ಬೇರೆಯವರಲ್ಲಿ ಕೇಳಿದ. ಅವಳಲ್ಲಿ ಕೇಳುವ ಹೊತ್ತಿಗೆ ತೀರ್ಪು ಬರೆದಾಗಿತ್ತು. ಆದರೆ ಅವನಿಗೊಂದು ಪಶ್ಚಾತ್ತಾಪವಿದೆ, ಅದರ ಬೆಲೆಯನ್ನು ಅವನು ತೆತ್ತ.

ಇಯಾಗೊವನ್ನು ಬಯಲಿಗೆಳೆದವಳು ಅವನ ಹೆಂಡತಿಯೇ. ತಾನು ಎತ್ತಿಕೊಟ್ಟ ಕರವಸ್ತ್ರದ ಸುದ್ದಿ ಬಂದೊಡನೆ ಎಮಿಲಿಯಾಗೆ ಎಲ್ಲವೂ ಹೊಳೆಯುತ್ತದೆ. ಬಾಯಿ ಮುಚ್ಚು, ಮನೆಗೆ ನಡೆ ಎಂದು ಗಂಡ ಗದರಿಸುತ್ತಾನೆ. ಗಂಡನ ಮಾತು ಕೇಳುವುದು ಧರ್ಮವಾದರೂ ಈಗ ಕೇಳಲಾರೆನೆಂದು ಅವಳು ಎಲ್ಲರೆದುರು ಸತ್ಯವನ್ನು ನುಡಿಯುತ್ತಾಳೆ. ಇಯಾಗೊ ಅವಳನ್ನು ಇರಿಯುತ್ತಾನೆ. ತನ್ನ ಒಡತಿಯ ಪಕ್ಕದಲ್ಲಿ ಮಲಗಿಸಿರೆಂದು ಹೇಳಿ, ಅವಳು ನಿಷ್ಕಳಂಕಳೆಂದು ಸಾರುತ್ತಲೇ ಎಮಿಲಿಯಾ ಪ್ರಾಣ ಬಿಡುತ್ತಾಳೆ. ಸತ್ತ ರೋಡರಿಗೊವಿನ ಕಿಸೆಯಲ್ಲಿ ಸಿಕ್ಕ ಕಾಗದಗಳು ಉಳಿದುದನ್ನು ಹೊರಗೆಡಹುತ್ತವೆ. ಅವನೂ ಇಯಾಗೊ ಹಣ ಸುಲಿದು, ಬಳಸಿ, ಕೊಂದ ಒಬ್ಬ ದಡ್ಡ.

ಸೆರೆಯಾಗಿ ಬಂದ ಇಯಾಗೊವನ್ನು ಒಥೆಲೊ ಇರಿಯುತ್ತಾನೆ. ಗಾಯವಾಗುತ್ತದೆ, ಪ್ರಾಣ ಹೋಗುವುದಿಲ್ಲ. ನನ್ನ ದೇಹವನ್ನೂ ಆತ್ಮವನ್ನೂ ಹೀಗೇಕೆ ಬಲೆಗೆ ಕೆಡವಿದನೆಂದು ಕೇಳಿರಿ ಎಂದು ಒಥೆಲೊ ಅಂಗಲಾಚುತ್ತಾನೆ. ಊರ ನಾಟಕದಲ್ಲಿ ಮಕ್ಕಳು ಶಕುನಿಯನ್ನು ಕುರಿತು ಕೇಳುವ ಅದೇ ಪ್ರಶ್ನೆ. ತನ್ನನ್ನು ಏನೂ ಕೇಳಬೇಡಿ, ತಿಳಿದಷ್ಟು ನಿಮಗೆ ತಿಳಿದಿದೆ, ಇನ್ನು ಮುಂದೆ ಒಂದು ಮಾತನ್ನೂ ಆಡುವುದಿಲ್ಲವೆಂಬುದೇ ಇಯಾಗೊ ಕೊಡುವ ಉತ್ತರ. ನಾಟಕದುದ್ದಕ್ಕೂ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಆಡಬೇಕಾದಾಗ ತುಟಿ ಹೊಲಿದುಕೊಂಡ. ಒಥೆಲೊ ಉತ್ತರವಿಲ್ಲದೆಯೇ ಸತ್ತ.

ವೆನಿಸ್‌ನಿಂದ ಬಂದ ಲೊಡೊವಿಕೊ ಮಂಚದ ಮೇಲಿನ ಶವಗಳನ್ನು ತೋರಿಸಿ, ಇದು ನಿನ್ನ ಕೆಲಸ, ನೋಡು ಎನ್ನುತ್ತಾನೆ. ಈ ಪಾತಕಿಗೆ ಯಾವ ಹಿಂಸೆ, ಯಾವ ಹೊತ್ತು, ಯಾವ ಸ್ಥಳ ಎಂಬುದನ್ನು ನಿರ್ಧರಿಸುವ ಹೊಣೆಯನ್ನು ಸೈಪ್ರಸ್ಸಿನ ಹೊಸ ಅಧಿಪತಿಗೆ ಒಪ್ಪಿಸಿ ಹಡಗೇರಲು ಹೊರಡುತ್ತಾನೆ. ಆ ಹೊಸ ಅಧಿಪತಿ ಕ್ಯಾಸಿಯೊ. ಇಯಾಗೊವಿನ ಕತ್ತಿಯಿಂದಲೇ ಕಾಲಿಗೆ ಗಾಯವಾಗಿ, ಕುರ್ಚಿಯಲ್ಲಿ ಕುಳಿತು ಬಂದವನು. ಯಾರ ಪದವಿಗಾಗಿ ಇಷ್ಟೆಲ್ಲ ಎಂದು ಇಯಾಗೊ ಮೊದಲ ಅಂಕದಲ್ಲಿ ಹೇಳಿಕೊಂಡಿದ್ದನೋ ಅವನೇ. ಶಿಕ್ಷೆ ಏನಾಯಿತೆಂಬುದನ್ನು ಕವಿ ಹೇಳುವುದಿಲ್ಲ. ಪರದೆ ಬೀಳುವಾಗಲೂ ಇಯಾಗೊ ಬದುಕಿಯೇ ಇದ್ದಾನೆ, ಗಾಯದಿಂದ ರಕ್ತ ಸುರಿಸುತ್ತ, ಮಾತಿಲ್ಲದೆ.